ಚೀಟಿ ಎತ್ತಿದ್ದು ನಾನು, ಸುತ್ತು ಹಾಕಿದ್ದು ಚೈತ್ರಾ

ಹದಿನೈದು ದಿನದ ಹಿಂದೆ ನಾನು ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೈ ಹಾಕಿ ಒಂದು ಚೀಟಿ ಎತ್ತಿದೆ. ಮಾಡಿದ್ದು ಅಷ್ಟೇ.

ಅಷ್ಟಕ್ಕೇ ದೇಶದ ಬೇರೆ ಬೇರೆ ಮೂಲೆಗಳಿಂದ ಬಂದಿದ್ದ ಐದು ಹುಡುಗಿಯರು ನನ್ನನ್ನು ನುಂಗುವ ಹಾಗೆ ನೋಡಿದರು. ಒಬ್ಬಳು ಅಳಲು ಶುರು ಮಾಡಿದಳು. ಅವಳ ತಾಯಿ ನನ್ನ ಕಡೆ ಬೆರಳು ತೋರಿಸಿ ಪಂಜಾಬಿಯಲ್ಲಿ ಏನೋ ಅಂದರು. (ನನಗೆ ಪಂಜಾಬಿ ಬರುವುದಿಲ್ಲ. ಆದರೆ ಅದನ್ನು ಅರ್ಥ ಮಾಡಿಕೊಳ್ಳಲು ಪಂಜಾಬಿ ಬೇಕಿರಲಿಲ್ಲ.)

ಆರನೆಯ ಹುಡುಗಿ ನಮ್ಮವಳು. ಚೈತ್ರಾ. ಅವಳು ನನ್ನನ್ನು ನೋಡಲೇ ಇಲ್ಲ. ತಲೆ ಬಗ್ಗಿಸಿಕೊಂಡು ಸ್ಕೇಟಿನ ಲೇಸ್ ಬಿಚ್ಚುತ್ತಿದ್ದಳು. ನನಗೆ ಭಯವಾದದ್ದು ಅದಕ್ಕೇ.

ಕಾಲೇಜು ಆಫೀಸಿನಲ್ಲಿ ಅಡ್ಮಿಷನ್ ಫಾರಂ ಪರಿಶೀಲಿಸುವ ನಾನು, ದೇಶದ ಫಿಗರ್ ಸ್ಕೇಟಿಂಗ್ ತಂಡದ ಆಯ್ಕೆಯಲ್ಲಿ ಚೀಟಿ ಎತ್ತಲು ಹೇಗೆ ಹೋದೆ ಅಂತ ಕೇಳುತ್ತೀರಾ? ನಾನೂ ರೈಲಿನಲ್ಲಿ ಎರಡು ದಿನ ಅದನ್ನೇ ಕೇಳಿಕೊಂಡೆ.

ಚೈತ್ರಾ ನಮ್ಮ ಮನೆಗೆ ಹಾಲು ಕೊಡುವ ರತ್ನಮ್ಮನ ಮಗಳು. ಬಂಗಾರಪೇಟೆಯಿಂದ ಮೂರು ಕಿಲೋಮೀಟರ್ ಆಚೆ ಇವರ ಹಳ್ಳಿ. ಎರಡು ಹಸು, ಒಂದು ಎಮ್ಮೆ, ಸ್ವಲ್ಪ ಟೊಮೆಟೊ. ಅಪ್ಪ ನಾರಾಯಣಪ್ಪ ದಿನಾ ಬೆಳಗಿನ ರೈಲಿಗೆ ಬೆಂಗಳೂರಿನ ಒಂದು ಕಾರ್ಖಾನೆಗೆ ಹೋಗಿ ಬರುತ್ತಾರೆ. ಮಗಳಿಗೆ ಹದಿನೈದು ವರ್ಷ. ಅವಳೂ ವಾರಕ್ಕೆ ನಾಲ್ಕು ದಿನ ರೈಲು ಹತ್ತುತ್ತಾಳೆ. ಆದರೆ ಅವಳದು ಎದುರು ದಿಕ್ಕಿನ ರೈಲು. ಸ್ಕೇಟ್ಸ್ ಬ್ಯಾಗು ಬೆನ್ನಿಗೆ ಹಾಕಿಕೊಂಡು ಮಾರಿಕುಪ್ಪಂ ಕಡೆ ಹೋಗುವ ಗಾಡಿ ಹಿಡಿದು ಊರಿಗಾಂನಲ್ಲಿ ಇಳಿಯುತ್ತಾಳೆ.

ಅಲ್ಲಿ ಗಣಿ ಕಂಪನಿ ಕಾಲದ ಒಂದು ಕ್ಲಬ್ಬಿನ ಹಾಲ್ ಇದೆ. ಮರದ ನೆಲ. ಯಾವ ಕಾಲದಲ್ಲೋ ಅಲ್ಲಿ ದೊರೆಗಳು ಡ್ಯಾನ್ಸ್ ಮಾಡುತ್ತಿದ್ದರಂತೆ. ಈಗ ಆ ನೆಲದಲ್ಲಿ ಸೆಲ್ವಿ ಟೀಚರ್ ಹನ್ನೊಂದು ಮಕ್ಕಳಿಗೆ ಚಕ್ರದ ಸ್ಕೇಟಿಂಗ್ ಕಲಿಸುತ್ತಾರೆ. ಸೆಲ್ವಿ ಟೀಚರ್ ಅಂದರೆ ಆಂಡರ್ಸನ್‌ಪೇಟೆಯ ರಿಟೈರ್ಡ್ ಪಿ.ಟಿ. ಟೀಚರ್. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ. ಸೀಟಿ ಊದಿದರೆ ರಸ್ತೆಯಲ್ಲಿ ಹೋಗುವ ಆಟೊಗಳೂ ನಿಲ್ಲುತ್ತವೆ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಫಿಗರ್ ಸ್ಕೇಟಿಂಗ್ ಅಂದ ತಕ್ಷಣ ನೀವೂ ನನ್ನ ಹಾಗೆ ಟಿ.ವಿ.ಯಲ್ಲಿ ನೋಡಿದ ಮಂಜುಗಡ್ಡೆ, ಮಿಂಚುವ ಗೌನು, ಗಾಳಿಯಲ್ಲಿ ಗಿರ್ರನೆ ತಿರುಗುವ ಹುಡುಗಿ ಅಂತ ಅಂದುಕೊಂಡಿರುತ್ತೀರಿ. ಕೆಜಿಎಫ್‌ನಲ್ಲಿ ಮಂಜುಗಡ್ಡೆ ಎಲ್ಲಿಂದ ತರೋಣ? ಆದರೆ ಅದೇ ಆಟ ಚಕ್ರದ ಮೇಲೂ ಇದೆ. ಅದಕ್ಕೂ ರಾಷ್ಟ್ರೀಯ ತಂಡ ಇದೆ, ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್ ಇದೆ.

ಮತ್ತು ಅದರಲ್ಲಿ 'ಫಿಗರ್ಸ್' ಅಂತಲೇ ಒಂದು ವಿಭಾಗ ಇದೆ. ನೆಲದ ಮೇಲೆ ವೃತ್ತಗಳನ್ನು ಬಳಿದಿರುತ್ತಾರೆ. ಒಂದೇ ಕಾಲಿನಲ್ಲಿ ಆ ಗೆರೆಯ ಮೇಲೇ ಹೋಗಬೇಕು. ಗೆರೆ ಬಿಡಬಾರದು, ಇನ್ನೊಂದು ಕಾಲು ಊರಬಾರದು, ಹೇಳಿದ ಜಾಗದಲ್ಲೇ ತಿರುಗಬೇಕು. ಮ್ಯೂಸಿಕ್ ಇಲ್ಲ. ಜಿಗಿತ ಇಲ್ಲ. ಚಪ್ಪಾಳೆ ಹೊಡೆಯುವವರು ಮೊದಲೇ ಇಲ್ಲ. ಜಗತ್ತಿನ ಅತಿ ಬೋರಿಂಗ್ ಆಟ ಅಂತ ನಾನು ಮೊದಲ ದಿನ ಅಂದುಕೊಂಡಿದ್ದೆ. (ದೇವರು ನನ್ನನ್ನು ಕ್ಷಮಿಸಲಿ. ಮುಖ್ಯವಾಗಿ ಸೆಲ್ವಿ ಟೀಚರ್ ಕ್ಷಮಿಸಲಿ.)

ಅಲ್ಲ, ಕ್ರಿಕೆಟ್ ತಂಡ ಹೇಗೆ ಆರಿಸಬೇಕು ಅಂತ ಕೇಳಿದರೆ ನಮ್ಮ ಬಂಗಾರಪೇಟೆಯ ಪ್ರತಿ ಟೀ ಅಂಗಡಿಯಲ್ಲೂ ಒಬ್ಬ ಪಂಡಿತ ಸಿಗುತ್ತಾನೆ. ಸ್ಕೇಟಿಂಗ್ ತಂಡ ಹೇಗೆ ಆರಿಸುತ್ತಾರೆ ಅಂತ ಕೇಳಿ ನೋಡಿ. ಟೀ ಆರಿಹೋಗುತ್ತದೆ, ಉತ್ತರ ಬರುವುದಿಲ್ಲ. ಚೈತ್ರಾ ಜಿಲ್ಲೆಯಲ್ಲಿ ಗೆದ್ದಳು. ರಾಜ್ಯದಲ್ಲಿ ಗೆದ್ದಳು. ರಾಷ್ಟ್ರೀಯ ಸ್ಪರ್ಧೆಯಲ್ಲಿ ಐದನೆಯವಳಾದಳು. ಅಲ್ಲಿ ಮೊದಲ ಆರು ಸ್ಥಾನ ಬಂದವರನ್ನು ಆಯ್ಕೆ ಟ್ರಯಲ್ಸ್‌ಗೆ ಕರೆದರು. ಆರು ಹುಡುಗಿಯರು. ಸೀಟು ಎರಡು.

ಕರೆದದ್ದೇನೋ ಸರಿ. ಟ್ರಯಲ್ಸ್ ಇದ್ದದ್ದು ಉತ್ತರದ ಒಂದು ಊರಿನಲ್ಲಿ. ಸೆಲ್ವಿ ಟೀಚರ್ ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ನಾರಾಯಣಪ್ಪನಿಗೆ ರಜೆ ಇಲ್ಲ. ರತ್ನಮ್ಮ ಒಂದು ಬೆಳಿಗ್ಗೆ ಹಾಲಿನ ಕ್ಯಾನ್ ಕೆಳಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ನಿಂತಳು.

"ಅಕ್ಕಾ, ನಿಮ್ಗೆ ಇಂದಿ ಬತ್ತದೆ. ಪೇಪರ್‌ಗೂ ಬರೀತೀರ. ಮಗೀನ ನೀವೇ ಕರ್ಕಂಡು ಓಗಿ ಬನ್ನಿ. ನಾನು ಓದ್ರೆ ಆಲು ಕರೆಯೋರು ಯಾರವ್ರೆ?"

ಪೇಪರಿಗೆ ಬರೆಯುವುದಕ್ಕೂ ಹಿಂದಿಗೂ ಏನು ಸಂಬಂಧ ಅಂತ ಕೇಳಬೇಕಿತ್ತು. ನನ್ನ ಹಿಂದಿ ಧಾರಾವಾಹಿ ನೋಡಿ ಕಲಿತದ್ದು. ಅತ್ತೆಯನ್ನು ಮನೆಯಿಂದ ಹೊರಗೆ ಹಾಕಲು ಬೇಕಾದ ಹಿಂದಿ ಎಲ್ಲಾ ಬರುತ್ತದೆ, ಬಾತ್‌ರೂಮ್ ಎಲ್ಲಿದೆ ಅಂತ ಕೇಳಲು ತಡವರಿಸುತ್ತೇನೆ. ಆದರೆ ರತ್ನಮ್ಮನ ಮುಖ ನೋಡಿ 'ಆಯ್ತು' ಅಂದುಬಿಟ್ಟೆ.

ಎರಡು ದಿನದ ರೈಲು. ಚೈತ್ರಾ ಸ್ಕೇಟ್ಸ್ ಬ್ಯಾಗನ್ನು ಸೀಟಿನ ಕೆಳಗೆ ಇಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ. ನಾನು ಮಾತ್ರ ಭೋಪಾಲ್ ದಾಟುವ ಹೊತ್ತಿಗೆ ಇಡೀ ಬೋಗಿಗೆ ಇವಳು ಇಂಡಿಯಾ ಟೀಮಿಗೆ ಹೋಗುತ್ತಿದ್ದಾಳೆ ಅಂತ ಹೇಳಿ ಮುಗಿಸಿದ್ದೆ. ಒಬ್ಬರು ಆಟೋಗ್ರಾಫ್ ಕೇಳಿದರು. ಅವಳು ನಾಚಿಕೆಯಿಂದ ಮೇಲಿನ ಬರ್ತಿಗೆ ಹತ್ತಿಬಿಟ್ಟಳು. ಆಮೇಲೆ ತಲೆ ಮಾತ್ರ ಕೆಳಗೆ ಬಗ್ಗಿಸಿ, "ಆಂಟಿ, ಇನ್ನೂ ಆರ್ಸಿಲ್ಲ ನನ್ನ. ನೀವು ಸುಮ್ನಿರಿ" ಅಂದಳು.

ಸ್ಟೇಡಿಯಂ ತಲುಪಿದಾಗ ನಮ್ಮ ರಾಜ್ಯದ ನಿಜವಾದ ಮ್ಯಾನೇಜರು ಡ್ಯಾನ್ಸ್ ವಿಭಾಗದ ಮಕ್ಕಳ ಜೊತೆ ಇನ್ನೊಂದು ಅಂಗಳಕ್ಕೆ ಓಡುತ್ತಿದ್ದರು. ಓಡುತ್ತಲೇ ತಮ್ಮ ಕೊರಳಲ್ಲಿದ್ದ 'ಮ್ಯಾನೇಜರ್' ಬ್ಯಾಡ್ಜನ್ನು ತೆಗೆದು ನನ್ನ ಕೊರಳಿಗೆ ಹಾಕಿ, ಅರ್ಧ ಗಂಟೆ ನೋಡಿಕೊಳ್ಳಿ ಅಂದರು. ಮೂರು ದಿನವಾದರೂ ಅವರ ಅರ್ಧ ಗಂಟೆ ಮುಗಿಯಲಿಲ್ಲ.

ಬ್ಯಾಡ್ಜ್ ಹಾಕಿಕೊಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಗಮನಿಸಿದ್ದೀರಾ? ನಾನು ನೆಟ್ಟಗೆ ನಡೆದೆ. ಸಿಕ್ಕ ಕುರ್ಚಿಯಲ್ಲಿ ಕೂತೆ. ಯಾರೋ ಕೊಟ್ಟ ಬಿಸ್ಕತ್ತು ತಿಂದೆ. ಅಷ್ಟರಲ್ಲಿ ಮುಖ್ಯ ತೀರ್ಪುಗಾರರು ಒಂದು ಡಬ್ಬಿ ಹಿಡಿದುಕೊಂಡು ಬಂದು, ಯಾರಾದರೂ ಒಬ್ಬ ಮ್ಯಾನೇಜರ್ ಬನ್ನಿ ಅಂದರು. ಬೆಳ್ಳಿಕೂದಲಿನ, ಗಂಭೀರ ಮುಖದ ಹೆಂಗಸು. ಎಲ್ಲರಿಗಿಂತ ಹತ್ತಿರ ಕೂತಿದ್ದವಳು ನಾನೇ.

ಆಗ ನನಗೆ ಗೊತ್ತಿರಲಿಲ್ಲ. ಈ ಆಟದಲ್ಲಿ ಯಾವ ಯಾವ ಸುತ್ತುಗಳನ್ನು ಹಾಕಬೇಕು ಅನ್ನುವುದನ್ನು ಹಿಂದಿನ ದಿನ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನಾಲ್ಕು ಚೀಟಿ, ನಾಲ್ಕು ಗುಂಪು. ಬಂದ ಗುಂಪನ್ನೇ ಎಲ್ಲರೂ ಮಾಡಬೇಕು. ಅದರಲ್ಲಿ ಒಂದು ಗುಂಪಿನ ಕೊನೆಯಲ್ಲಿ 'ಲೂಪ್' ಬರುತ್ತದೆ. ದೊಡ್ಡ ವೃತ್ತದ ಅರ್ಧಕ್ಕಿಂತಲೂ ಚಿಕ್ಕ ವೃತ್ತ, ಅದರೊಳಗೆ ಹಗ್ಗದ ಕುಣಿಕೆಯ ಹಾಗೆ ಇನ್ನೊಂದು ಪುಟ್ಟ ತಿರುವು. ವೇಗ ಸಿಗುವುದಿಲ್ಲ, ಕಾಲು ನಡುಗುತ್ತದೆ, ದೇಹ ಒಂದು ಕಡೆ, ಪಾದ ಒಂದು ಕಡೆ. ಅದು ಬರದೇ ಇರಲಿ ಅಂತ ಆರು ಹುಡುಗಿಯರೂ ಹರಕೆ ಹೊತ್ತುಕೊಂಡಿರುತ್ತಾರೆ ಅಂತ ನಾನು ಅಂದುಕೊಂಡೆ.

ನಾನು ಎತ್ತಿದ್ದು ಅದನ್ನೇ.

ಚೈತ್ರಾ ಲೇಸ್ ಬಿಚ್ಚಿ, ಸ್ಕೇಟ್ಸ್ ಒರೆಸಿ, ಬ್ಯಾಗಿಗೆ ಹಾಕಿದಳು. ಉಳಿದುಕೊಂಡಿದ್ದ ಹಾಸ್ಟೆಲ್ಲಿನ ತನಕ ಒಂದು ಮಾತಿಲ್ಲ. ನಾನು ಪಕ್ಕದಲ್ಲಿ ನಡೆಯುತ್ತಾ ಮನಸ್ಸಿನಲ್ಲೇ ರತ್ನಮ್ಮನಿಗೆ ಉತ್ತರ ತಯಾರು ಮಾಡುತ್ತಿದ್ದೆ. ಎರಡು ವರ್ಷ ಬೆಳಿಗ್ಗೆ ಐದು ಗಂಟೆಗೆ ಎದ್ದು, ಹಸುವಿನ ಕೊಟ್ಟಿಗೆ ಗುಡಿಸಿ, ರೈಲು ಹಿಡಿದು ಕಲಿತವಳು ಇವಳು. ಬಿಸ್ಕತ್ತು ತಿಂದ ಕೈಯಲ್ಲಿ ಒಂದು ನಿಮಿಷದಲ್ಲಿ ಕೆಡಿಸಿದವಳು ನಾನು. ಈ ಬ್ಯಾಡ್ಜನ್ನು ನುಂಗಿಬಿಡೋಣ ಅನ್ನಿಸಿತು.

ಕೊನೆಗೆ ತಡೆಯಲಾರದೆ ಸೆಲ್ವಿ ಟೀಚರಿಗೆ ಫೋನ್ ಮಾಡಿದೆ. ತಪ್ಪಾಯಿತು ಟೀಚರ್, ನನ್ನ ಕೈಯಿಂದ ಲೂಪ್ ಬಂತು ಅಂದೆ. ಆ ಕಡೆಯಿಂದ ಜೋರಾಗಿ ನಗುವುದು ಕೇಳಿಸಿತು.

"ಮೇಡಂ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು. ಹೋದ ವರ್ಷ ಮಳೆಗೆ ನಮ್ಮ ಹಾಲ್‌ನ ನೆಲ ಅರ್ಧ ಕೊಳೆತು ಹೋಯ್ತಲ್ಲ, ದೊಡ್ಡ ಸರ್ಕಲ್ ಹಾಕೋಕೆ ಜಾಗ ಎಲ್ಲಿತ್ತು? ನಾಲ್ಕು ತಿಂಗಳು ಆ ಹುಡುಗಿ ಲೂಪ್ ಬಿಟ್ಟು ಬೇರೆ ಏನೂ ಮಾಡ್ಲಿಲ್ಲ. ಅತ್ತು ಅತ್ತು ಮಾಡಿದ್ಳು. ಫೋನ್ ಅವಳಿಗೆ ಕೊಡಿ."

ಕೊಟ್ಟೆ. ಚೈತ್ರಾ ಕಿವಿಗೆ ಒತ್ತಿಕೊಂಡು 'ಊಂ' 'ಊಂ' ಅಂದಳು. ಆಮೇಲೆ ಫೋನ್ ಇಟ್ಟು, ಮೊದಲ ಸಲ ನನ್ನ ಕಡೆ ತಿರುಗಿ ನಕ್ಕಳು. ಅಷ್ಟು ಹೊತ್ತೂ ಅವಳು ಸಿಟ್ಟಿನಿಂದ ಸುಮ್ಮನಿದ್ದದ್ದಲ್ಲವಂತೆ. ಬೇರೆ ಹುಡುಗಿಯರು ಅಳುತ್ತಿರುವಾಗ ತಾನು ನಕ್ಕುಬಿಟ್ಟರೆ ಚೆನ್ನಾಗಿರುವುದಿಲ್ಲ ಅಂತ ತುಟಿ ಕಚ್ಚಿಕೊಂಡು ಲೇಸ್ ಬಿಚ್ಚುತ್ತಿದ್ದಳಂತೆ. ನನಗೆ ಮೊದಲೇ ಹೇಳಬಾರದಿತ್ತೇನೇ ಅಂದರೆ, ನೀವು ಊರಿಗೆಲ್ಲಾ ಹೇಳ್ಬಿಡ್ತೀರಲ್ಲ ಆಂಟಿ ಅಂದಳು. ಬೋಗಿಯಲ್ಲಿ ನಾನು ನಡೆದುಕೊಂಡ ರೀತಿಗೆ ಈ ಮಾತು ನ್ಯಾಯವಾಗಿತ್ತು.

ಆದರೆ ಇನ್ನೊಂದು ಮಾತೂ ಹೇಳಿದಳು. ಚಿಕ್ಕ ಸುತ್ತು ತನ್ನದು, ದೊಡ್ಡ ಸುತ್ತು ಅಲ್ಲ. ಬೇರೆಯವರು ದೊಡ್ಡ ಅಂಗಳಗಳಲ್ಲಿ ವರ್ಷಗಟ್ಟಲೆ ಅದನ್ನೇ ಹಾಕಿದವರು. ತನಗೆ ಅದಕ್ಕೆ ಮತ್ತೆ ಜಾಗ ಸಿಕ್ಕಿದ್ದೇ ನೆಲ ರಿಪೇರಿಯಾದ ಮೇಲೆ. ಮೂರು ಸುತ್ತುಗಳಲ್ಲಿ ಎರಡು ದೊಡ್ಡವು, ಒಂದು ಮಾತ್ರ ಲೂಪ್. ಅಂದರೆ ಲೆಕ್ಕ ಇನ್ನೂ ಅವರ ಕಡೆಗೇ ಇತ್ತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಶುರು. ಒಳಗೆ ಎಂಥ ಮೌನ ಗೊತ್ತಾ? ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಾಲಿನಲ್ಲೂ ಇಷ್ಟು ಮೌನ ಇರುವುದಿಲ್ಲ. ಹುಡುಗಿ ಒಂದು ಕಾಲಿನಲ್ಲಿ ಹೊರಟರೆ ಚಕ್ರದ ಸಣ್ಣ ಗುರುಗುಟ್ಟುವಿಕೆ ಮಾತ್ರ. ಐವರು ತೀರ್ಪುಗಾರರು ಅವಳ ಹಿಂದೆ ಹಿಂದೆ, ಮೂಗುಬೊಟ್ಟಿನ ಹರಳು ಬಿದ್ದುಹೋದವರ ಹಾಗೆ ನೆಲ ನೋಡುತ್ತಾ ನಡೆಯುತ್ತಾರೆ. ಮುಖ ನೋಡುವುದೇ ಇಲ್ಲ. ಬಟ್ಟೆ ನೋಡುವುದಿಲ್ಲ. ಚಕ್ರ ಗೆರೆಯ ಮೇಲಿದೆಯೋ ಇಲ್ಲವೋ, ಅಷ್ಟೇ. ಬಂಗಾರಪೇಟೆಯ ಹುಡುಗಿಯೋ ಬಾಂಬೆಯ ಹುಡುಗಿಯೋ ನೆಲಕ್ಕೆ ಹೇಗೆ ಗೊತ್ತಾಗಬೇಕು?

ಮೊದಲ ದೊಡ್ಡ ಸುತ್ತಿನಲ್ಲಿ ಚೈತ್ರಾ ಪರವಾಗಿಲ್ಲ ಅನ್ನುವ ಹಾಗೆ ಮಾಡಿದಳು. ಎರಡನೆಯದರಲ್ಲಿ ತಿರುವಿನ ಹತ್ತಿರ ಅವಳ ಎಡಗಾಲು ಒಂದು ಕ್ಷಣ ನೆಲಕ್ಕೆ ತಾಗಿತು. ಪಟ್ ಅಂತ ಒಂದು ಸದ್ದು. ಅಷ್ಟೇ. ನನ್ನ ಎದೆಯಲ್ಲಿ ಯಾರೋ ಹಾಲಿನ ಕ್ಯಾನ್ ಎತ್ತಿಹಾಕಿದ ಹಾಗಾಯಿತು. ಬೋರ್ಡಿನಲ್ಲಿ ಹೆಸರು ನಾಲ್ಕಕ್ಕೆ ಇಳಿಯಿತು.

ಅವಳು ಬಂದು ನನ್ನ ಪಕ್ಕ ಕೂತಳು. ನೀರು ಕೊಟ್ಟೆ. ಮ್ಯಾನೇಜರ್ ಆದವಳು ಇಂಥ ಹೊತ್ತಿನಲ್ಲಿ ಏನಾದರೂ ಸ್ಫೂರ್ತಿದಾಯಕ ಮಾತು ಹೇಳಬೇಕು. ನನಗೆ ಒಂದೂ ಹೊಳೆಯಲಿಲ್ಲ. ವಾರಾ ವಾರಾ ನಿಮಗೆ ಇಷ್ಟುದ್ದ ಬರೆಯುವವಳಿಗೆ ಆಗ ಒಂದು ವಾಕ್ಯ ಸಿಗಲಿಲ್ಲ ನೋಡಿ. ಅವಳ ಕೈ ಹಿಡಿದುಕೊಂಡೆ. ಅವಳೇ ಹೇಳಿದಳು.

"ಆಂಟಿ, ಇನ್ನೇನ್ ಮಾಡ್ಲಿ, ಇವಾಗ ನಂದು ಬತ್ತದೆ."

ಲೂಪ್ ಶುರುವಾಯಿತು. ಮೊದಲು ಬಂದವಳು ಗೆರೆ ಬಿಟ್ಟಳು. ಎರಡನೆಯವಳು ನಡುವೆ ನಿಂತೇಹೋದಳು. ಹಿಂದಿನ ದಿನ ಅತ್ತಿದ್ದ ಪಂಜಾಬಿನ ಹುಡುಗಿ ಮಾತ್ರ ಹಲ್ಲು ಕಚ್ಚಿ ಅದ್ಭುತವಾಗಿ ಮಾಡಿದಳು. (ಅವಳ ತಾಯಿ ನನ್ನನ್ನು ತಿರುಗಿ ನೋಡಿದರು. ಬೆರಳು ತೋರಿಸಲಿಲ್ಲ. ಸಣ್ಣಗೆ ತಲೆಯಾಡಿಸಿದರು. ನಮ್ಮ ನಡುವೆ ಶಾಂತಿ ಒಪ್ಪಂದ ಆಯಿತು.) ಇನ್ನಿಬ್ಬರು ಕಾಲು ಊರಿದರು.

ಕೊನೆಗೆ ಚೈತ್ರಾ. ಉಸಿರು ಎಳೆದುಕೊಂಡು ಹೊರಟಳು. ಆ ಚಿಕ್ಕ ವೃತ್ತದೊಳಗೆ ಹೋಗಿ, ಪುಟ್ಟ ಕುಣಿಕೆ ಸುತ್ತಿ, ಹೊರಗೆ ಬಂದು, ಮತ್ತೆ ಆಚೆಯ ವೃತ್ತ. ಒಂದು ಸಲ. ಎರಡು ಸಲ. ಅವಳ ಮುಖದಲ್ಲಿ ಕೊಟ್ಟಿಗೆ ಗುಡಿಸುವಾಗ ಇರುವಂಥದೇ ನಿರಾಳ. ಕೈಗಳು ಗಾಳಿಯ ಮೇಲೆ ಒರಗಿದ ಹಾಗೆ. ಮೂರನೆಯ ಸಲಕ್ಕೆ ನನಗೇ ತಲೆ ಸುತ್ತು ಬಂದು ಪಕ್ಕದವರ ಭುಜ ಹಿಡಿದುಕೊಂಡೆ. ಅದು ಯಾರ ಭುಜವೋ ಇವತ್ತಿಗೂ ಗೊತ್ತಿಲ್ಲ.

ಮುಗಿದಾಗ ಬೆಳ್ಳಿಕೂದಲಿನ ಮುಖ್ಯ ತೀರ್ಪುಗಾರರು ನೆಲದ ಹತ್ತಿರ ಮಂಡಿಯೂರಿ ಕೂತು ಆ ಗೆರೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ತಲೆ ಎತ್ತಿ, ಆ ದಿನ ಮೊದಲ ಸಲ ಒಬ್ಬ ಹುಡುಗಿಯ ಮುಖ ನೋಡಿದರು.

ಬೋರ್ಡಿನಲ್ಲಿ ಹೆಸರು ಎರಡಕ್ಕೆ ಹತ್ತಿತು. ಮೂರನೆಯವಳಿಗಿಂತ ಸಾಸಿವೆಯಷ್ಟು ಮುಂದೆ. ನಾನು ಕೂಗಿದೆನಂತೆ. ತಮಿಳಿನಲ್ಲಿ ಕೂಗಿದೆನಂತೆ. ಯಾಕೆ ತಮಿಳು ಅಂತ ನನ್ನನ್ನು ಕೇಳಬೇಡಿ. ಕೆಜಿಎಫ್ ಪಕ್ಕದಲ್ಲಿ ಬೆಳೆದವರಿಗೆ ಖುಷಿ ಯಾವ ಭಾಷೆಯಲ್ಲಿ ಬರುತ್ತದೋ ಹೇಳಲಾಗುವುದಿಲ್ಲ.

ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಅಂಕ ಬೇರೆ, ಆಯ್ಕೆ ಬೇರೆ. ಆಯ್ಕೆ ಸಮಿತಿ ಒಂದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. (ಕದ್ದು ಕೇಳಲಿಲ್ಲ. ಕುರ್ಚಿ ಅಲ್ಲೇ ಇತ್ತು, ಕೂತೆ.) ಸಮಿತಿಯ ಒಬ್ಬರು, ಈ ಹುಡುಗಿ ಸುತ್ತು ಬಿಟ್ಟರೆ ಬೇರೆ ಏನೂ ಮಾಡುವುದಿಲ್ಲ, ಮೂರನೆಯವಳು ಜಿಗಿತದ ಫ್ರೀ ಸ್ಕೇಟಿಂಗೂ ಮಾಡುತ್ತಾಳೆ, ಒಂದೇ ಸೀಟಿನಲ್ಲಿ ಎರಡು ಕೆಲಸ ಆಗುತ್ತದಲ್ಲ ಅಂತ ಹೇಳುವುದು ಕೇಳಿಸಿತು. ತಪ್ಪು ಮಾತಲ್ಲ, ಅವರ ಜಾಗದಲ್ಲಿದ್ದರೆ ನಾನೂ ಹೇಳುತ್ತಿದ್ದೆನೋ ಏನೋ. ಆದರೆ ನಾನು ತಿರುಗಿ ನಮ್ಮ ಹುಡುಗಿಯನ್ನು ಹುಡುಕಿದೆ. ಚೈತ್ರಾ ಆಚೆ ಮೂಲೆಯಲ್ಲಿ ಪಂಜಾಬಿನ ಹುಡುಗಿಗೆ ಲೂಪ್‌ನಲ್ಲಿ ಸೊಂಟ ಎಲ್ಲಿ ತಿರುಗಿಸಬೇಕು ಅಂತ ಅಭಿನಯ ಮಾಡಿ ತೋರಿಸುತ್ತಿದ್ದಳು. ಇವಳಿಗೆ ಪಂಜಾಬಿ ಬರುವುದಿಲ್ಲ, ಅವಳಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ನಗುತ್ತಿದ್ದರು.

ಒಳಗೆ ಬೆಳ್ಳಿಕೂದಲಿನವರ ದನಿ. ಸುತ್ತೋಲೆಯ ಪುಟ ತಿರುಗಿಸುವ ಸದ್ದು. ನಾವು ಕರೆದದ್ದು ಫಿಗರ್ಸ್ ವಿಭಾಗಕ್ಕೆ, ಅದರ ಸೀಟು ಅದರ ಅಂಕಕ್ಕೇ ಹೋಗಬೇಕು ಅಂತ ನಾವೇ ಬರೆದಿದ್ದೇವೆ, ಫ್ರೀ ಸ್ಕೇಟಿಂಗ್‌ಗೆ ನಾಳೆ ಬೇರೆ ಟ್ರಯಲ್ಸ್ ಇದೆಯಲ್ಲ, ಆ ಹುಡುಗಿ ಅಲ್ಲಿ ಗೆಲ್ಲಲಿ ಅಂದರು. ದನಿ ಏರಿಸಲೂ ಇಲ್ಲ. ಹತ್ತು ನಿಮಿಷದಲ್ಲಿ ಪಟ್ಟಿ ಗೋಡೆಗೆ ಅಂಟಿತು.

ಎರಡನೆಯ ಹೆಸರು: ಚಿತ್ರಾ ಎನ್.

ಚಿತ್ರಾ? ಯಾವ ಚಿತ್ರಾ? ನೋಡಿ, ಇಪ್ಪತ್ತು ವರ್ಷ ಕಾಲೇಜು ಆಫೀಸಿನಲ್ಲಿ ಹೆಸರು ತಿದ್ದಿದ ನನ್ನ ಬದುಕು ಆ ಒಂದು ಕ್ಷಣಕ್ಕಾಗಿಯೇ ಇತ್ತು. ಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದರೆ ಪಾಸ್‌ಪೋರ್ಟಿನಲ್ಲಿ ತಕರಾರು, ಪಾಸ್‌ಪೋರ್ಟ್ ತಕರಾರಾದರೆ ವೀಸಾ ಇಲ್ಲ. ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ಸರ್ಟಿಫಿಕೇಟು ಮೂರನ್ನೂ ಹಿಡಿದು ಆ ಕೋಣೆಗೆ ನುಗ್ಗಿದೆ. ಧಾರಾವಾಹಿ ಹಿಂದಿ ಎಲ್ಲಾ ಹೊರಗೆ ಬಂತು. ಅವರು ನಗುತ್ತಲೇ ಹೊಸ ಪಟ್ಟಿ ಟೈಪ್ ಮಾಡಿದರು. ಸೀಲ್ ಬಿದ್ದ ಮೇಲೂ ಮೂರು ಸಲ ಓದಿದೆ.

ರತ್ನಮ್ಮನಿಗೆ ಫೋನ್ ಮಾಡಿದಾಗ ಅವಳು ಡೈರಿಯಲ್ಲಿ ಸಂಜೆಯ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದಳು. ನಾನು ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಆ ಕಡೆ ಕ್ಯಾನುಗಳ ಸದ್ದು, ಯಾರೋ ಸಾಲು ಮುಂದೆ ಹೋಗಲಿ ಅಂತ ಗದರುವ ಸದ್ದು.

"ಇಂಡಿಯಾಕ್ಕೆಲ್ಲಾ ಸೇರಿ ನಮ್ ಚೈತ್ರಾನಾ ಅಕ್ಕಾ?"

ಹೂಂ ರತ್ನಮ್ಮ, ಚೈತ್ರಾ ಮತ್ತೆ ಇನ್ನೊಬ್ಬಳು ಅಂದೆ. ಆಮೇಲೆ ಅವಳು ಫೋನ್ ಇಡುವುದನ್ನೇ ಮರೆತಳು. ಫೋನು ಕೈಯಲ್ಲೇ ಇತ್ತು. ಸಾಲಿನಲ್ಲಿ ಯಾರಿಗೋ ಅವಳು ತೆಲುಗಿನಲ್ಲಿ ಹೇಳುವುದು, ಅವರು ಇನ್ನೊಬ್ಬರಿಗೆ ಹೇಳುವುದು, ಡೈರಿಯೇ ಗದ್ದಲವಾಗುವುದು, ಎಲ್ಲವನ್ನೂ ನಾನು ಎರಡು ಸಾವಿರ ಕಿಲೋಮೀಟರ್ ದೂರದಿಂದ ಕೇಳಿಸಿಕೊಂಡೆ. ಕಣ್ಣು ಒದ್ದೆಯಾಯಿತು ಅಂತ ಬರೆಯಲು ನಾಚಿಕೆ. ಆದರೂ ಆಯಿತು.

ಸಂಭ್ರಮಕ್ಕೆ ಏನು ಕೊಡಿಸಲಿ ಅಂತ ಚೈತ್ರಾಳನ್ನು ಕೇಳಿದೆ. ಪಾನಿಪುರಿ ಅಂದಳು. ಬಂಗಾರಪೇಟೆಯ ಹುಡುಗಿ ಬೇರೆ ಏನು ಕೇಳಿಯಾಳು? ತಂದುಕೊಟ್ಟ ಪುರಿಯೊಳಗಿನ ಹಸಿರು ನೀರನ್ನು ಅನುಮಾನದಿಂದ ನೋಡಿ, "ಆಂಟಿ, ಇದ್ಯಾಕೆ ಪಾಚಿ ಕಟ್ಟೈತೆ" ಅಂದಳು. ನಮ್ಮೂರಿನ ಕನ್ನಡಿಯಂಥ ಬಿಳಿ ಪಾನಿ ಕುಡಿದು ಬೆಳೆದವಳು, ಪಾಪ. ಆದರೂ ಎರಡು ಪ್ಲೇಟ್ ತಿಂದಳು.

ಈಗ ಈ ವಾರದ ಸುದ್ದಿ. ಸೋಮವಾರ ಪಾಸ್‌ಪೋರ್ಟ್ ಕಚೇರಿಗೆ ನಾವು ನಾಲ್ವರೂ ಹೋಗಿದ್ದೆವು. ಮಗಳು, ರತ್ನಮ್ಮ, ಒಂದು ದಿನ ರಜೆ ಗಿಟ್ಟಿಸಿಕೊಂಡ ನಾರಾಯಣಪ್ಪ, ಮತ್ತು (ಇನ್ನೂ ಬ್ಯಾಡ್ಜ್ ವಾಪಸ್ ಕೊಡದ) ನಾನು. ದಾಖಲೆಗಳೆಲ್ಲಾ ಸರಿಯಾಗಿದ್ದವು. ತೊಂದರೆಯಾದದ್ದು ಫೋಟೊ ತೆಗೆಯುವ ಕೌಂಟರಿನಲ್ಲಿ. ಪಾಸ್‌ಪೋರ್ಟ್ ಫೋಟೊದಲ್ಲಿ ನಗಬಾರದಂತೆ, ರೂಲ್ಸ್ ಅಂತೆ. ಹುಡುಗಿ ತುಟಿ ಬಿಗಿಹಿಡಿದಳು, ಕೆನ್ನೆ ಉಬ್ಬಿತು. ಮತ್ತೆ ತೆಗೆದರು, ಹಲ್ಲು ಕಾಣಿಸಿತು. ಅಪ್ಪನನ್ನು ನೋಡಬೇಡ ಅಂದರು, ಅಮ್ಮನನ್ನು ನೋಡಿದಳು, ಆ ಕಡೆ ರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆರು ಸಲ ಆಯಿತು. ಕೌಂಟರಿನ ಹೆಣ್ಣುಮಗಳು ಸಾಕಾಗಿ, ಒಂದೇ ಒಂದು ನಿಮಿಷ ನಗದೆ ಇರಮ್ಮ, ಅಷ್ಟೂ ಆಗಲ್ವಾ ಅಂತ ಕೇಳಿದಳು.

ನೀವೇ ಹೇಳಿ, ಆಗುತ್ತದಾ?